ಕಿಟಕಿ ನಾಲ್ಕು

ಟೋಕನ್ ಎಂಬತ್ತಾರು.
ಎರಡು ಸಲ ಕೂಗಿದೆ. ಮೂರನೆಯದಕ್ಕೆ
ಗೋಡೆಗಂಟಿ ನಿಂತಿದ್ದವಳು ಬಂದಳು.
ಕುರ್ಚಿಗಳು ಖಾಲಿಯಿದ್ದವು, ಕೂತಿರಲಿಲ್ಲ.

ಸ್ಯಾಕ್ರಮೆಂಟೊ ಕೌಂಟಿಯ ನೆರವಿನ ಕಚೇರಿ.
ಜುಲೈ. ಹೊರಗೆ ಡಾಂಬರು ಚಪ್ಪಲಿಗಂಟುವ ಬಿಸಿಲು,
ಅವಳ ಮೈಮೇಲೆ ಸ್ವೆಟರು,
ಆಶ್ರಯಮನೆಯವರು ಕೊಟ್ಟದ್ದು, ತೋಳು ಬೆರಳು ದಾಟಿದೆ.

ಹೆಸರು: ಪೆರ್ಲಿತಾ ಅಗ್ಬಯಾನಿ.
ಭಾಷೆ: ಇಲೋಕಾನೋ.
ಮೇಜಿನ ನಡುವೆ ಫೋನಿಟ್ಟು ದನಿ ಏರಿಸಿದೆ.
ಎಲ್ಲಿಯದೋ ಊರಿನ ದುಭಾಷಿ, ವಯಸ್ಸಾದ ಗಂಡಸು,
ಅವನ ಬೆನ್ನ ಹಿಂದೆಲ್ಲೋ ಒಂದು ನಾಯಿ.
‘ಅವಳು’ ಅನ್ನುವ ಹಾಗಿಲ್ಲ ಆತ, ನಿಯಮ;
‘ನಾನು’ ಅನ್ನಬೇಕು.
ಹಾಗಾಗಿ ಗೊಗ್ಗರು ದನಿಯೊಂದು ಹೇಳಿತು:

ನಾನು ಹಜಾರದಲ್ಲಿ ಮಲಗುತ್ತಿದ್ದೆ,
ಆರು ಕೋಣೆಗಳ ಬಾಗಿಲು ತೆರೆದಿಟ್ಟು.
ಯಾವ ಮುದುಕರು ಕೆಮ್ಮಿದರೂ ಕೇಳಿಸಬೇಕಿತ್ತು.
ಪಾಸ್‌ಪೋರ್ಟು ಯಜಮಾನಿಯ ಬೀರುವಿನಲ್ಲಿ.
ನೀನು ಸಾಲಗಾರ್ತಿ ಅಂದರು.
ವಿಮಾನದ ಟಿಕೆಟ್ಟು, ಹೊದಿಕೆ, ತಿಂದ ಅನ್ನ,
ತೀರಿಸಿದಷ್ಟೂ ಬೆಳೆಯಿತು.

ನಾಯಿ ಬೊಗಳಿತು.
ಕ್ಷಮಿಸಿ, ಎಂದಿತು ಫೋನು.
ಅದು ಅವನ ಕ್ಷಮೆಯೋ ಅವಳದೋ
ಅರೆಗಳಿಗೆ ತಿಳಿಯಲಿಲ್ಲ.

ಪ್ರಶ್ನೆ ಹದಿನಾಲ್ಕು:
ವಾರಕ್ಕೆ ಎಷ್ಟು ಗಂಟೆ ದುಡಿಮೆ?
ಎರಡೇ ಚೌಕ ಇದ್ದವು.
ಒಂದನ್ನೂ ಎರಡನ್ನೂ ಒಳಗೆ ಕೂರಿಸಿ
ಆರನ್ನು ಗೆರೆಯಾಚೆ ಬರೆದಳು,
ತುಂಬಿದ ಬಸ್ಸಿನ ಬಾಗಿಲಿಗೆ ಜೋತುಬಿದ್ದವನಂತೆ.
ನೂರ ಇಪ್ಪತ್ತಾರು.
ನನ್ನ ಕಂಪ್ಯೂಟರು ತೊಂಬತ್ತೊಂಬತ್ತು ದಾಟಲೊಲ್ಲದು.
ಮೂರು ಸಲ ಒತ್ತಿದೆ, ಮೂರು ಸಲವೂ ಕೆಂಪು.
ಕೊನೆಗೆ ಷರಾದಲ್ಲಿ ಬರೆದೆ:
ಬಾಕಿ ಇಪ್ಪತ್ತೇಳು ಗಂಟೆ ಇಲ್ಲಿವೆ.

ಪುರಾವೆ ಏನಾದರೂ?
ಚೀಲದಿಂದ ತೆಗೆದಳು, ಡೈಪರ್ ಪೆಟ್ಟಿಗೆಯ ಮುಚ್ಚಳ.
ಒಳಮೈಯಲ್ಲಿ ಪೆನ್ಸಿಲ್ಲು,
ಹನ್ನೆರಡು ಎಡ, ಎರಡು ಬಲ,
ನಾಲ್ಕು ಎಡ, ಆರು ಬಲ.
ಹಾಸಿಗೆ ಹಿಡಿದವರನ್ನು ಹೊತ್ತುಹೊತ್ತಿಗೆ
ಮಗ್ಗುಲು ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ,
ಅಂದಳು. ಅಂದ.
ಆರು ಜನರ ಮಗ್ಗುಲು, ಹದಿನಾಲ್ಕು ತಿಂಗಳು.
ತನ್ನ ಮಗ್ಗುಲಿನ ಲೆಕ್ಕ ಎಲ್ಲೂ ಇಟ್ಟಿರಲಿಲ್ಲ.

ಈ ಕಟ್ಟಡ ನನಗೆ ಹಳೆಯ ಪರಿಚಯ.
ಒಂಬತ್ತು ವರ್ಷದ ನಾನು, ಕೌಂಟರಿನ ಅಂಚಿಗೆ ಗದ್ದ ತಾಗಿಸಿ,
ಅಮ್ಮನ ಹ್ಮಾಂಗ್ ಮಾತನ್ನು ಇಂಗ್ಲಿಷಿಗೆ ತರುತ್ತಿದ್ದೆ.
ಅಮ್ಮ ಹೇಳಿದ್ದರಲ್ಲಿ ನದಿ ಬಂತು, ರಾತ್ರಿ ಬಂತು,
ಬೆನ್ನಿಗೆ ಕಟ್ಟಿದ್ದ ತಮ್ಮ ಬಂದ,
ಆಚೆ ದಡದಲ್ಲಿ ಗಂಟು ಬಿಚ್ಚಿದ್ದು ಬಂತು.
ಅಕ್ಕಿ ಬೇಕಂತೆ, ಎಂದೆ.
ಅಷ್ಟೇನಾ? ಎಂದಳು ಕೌಂಟರಿನವಳು.
ಅಷ್ಟೇ, ಎಂದೆ.

ಈಗ ಕೌಂಟರಿನವಳು ನಾನು. ಪಾ ಹೂವಾ ಲೋರ್,
ಎದೆಯ ಮೇಲೆ ಫೋಟೋ, ಅದರಲ್ಲಿ ನಗುತ್ತಿದ್ದೇನೆ.

ಹೇಳಿದೆ: ಪೊಲೀಸರ ಕಾಗದ ಇಲ್ಲದಿದ್ದರೂ ಆಗುತ್ತದೆ.
ಈ ಮುಚ್ಚಳ, ಮತ್ತೆ ಪ್ರಮಾಣ ಮಾಡಿದ ನಿಮ್ಮ ಮಾತು.
ದುಭಾಷಿ ಹೇಳಿದ. ಅವಳು ಏನೋ ಕೇಳಿದಳು.
ಇನ್ನೊಮ್ಮೆ ಹೇಳಿ ಅನ್ನುತ್ತಿದ್ದೇನೆ, ಎಂದ.
ಇನ್ನೊಮ್ಮೆ ಹೇಳಿದೆ.
ಯಾರ ಮಾತು? ಎಂದು ಕೇಳುತ್ತಿದ್ದೇನೆ.
ನಿಮ್ಮದು, ಎಂದೆ ನೇರ ಅವಳಿಗೆ,
ಬೆರಳು ತೋರಿಸಿ. ತೋರಿಸಬಾರದು, ಒರಟು. ತೋರಿಸಿದೆ.
ಅವಳು ಹಿಂದೆ ತಿರುಗಿ ನೋಡಿದಳು,
ಬೇರೆ ಯಾರಾದರೂ ನಿಂತಿದ್ದಾರೇನೋ ಎಂಬಂತೆ.

ಸಹಿಗೆ ತುಂಬ ಹೊತ್ತು ಹಿಡಿಯಿತು.
ಸ್ವೆಟರಿನ ತೋಳು ಮಡಚಿ, ಅಕ್ಷರಕ್ಕೊಂದು ಉಸಿರು.
ಅಡುಗೆ ಸಾಮಾನಿಗೆ ಕಾರ್ಡು, ಆಸ್ಪತ್ರೆಗೆ ಇನ್ನೊಂದು,
ಕೈಖರ್ಚಿಗೆ ಸ್ವಲ್ಪ, ಒಂದೆರಡು ವಾರ ಆಗಬಹುದು;
ಇದು ವೀಸಾ ಅಲ್ಲ, ಅದು ಬೇರೆ ಕಚೇರಿ, ಬೇರೆ ಸಾಲು.
ಎಲ್ಲಕ್ಕೂ ತಲೆಯಾಡಿಸಿದಳು.

ಇನ್ನೇನಾದರೂ ಪ್ರಶ್ನೆ?
ಕೊನೆಗೆ ಕೇಳಬೇಕು, ಕೇಳಿದೆ.

ಮೂರನೇ ಕೋಣೆಯ ಅಜ್ಜ,
ಮಾತು ಬಿದ್ದುಹೋದವರು, ಭಾರಿ ಮೈ,
ಅವರನ್ನು ಈಗ ಯಾರು ಹೊರಳಿಸುತ್ತಾರೆ?

ಫೋನು ಸುಮ್ಮನಾಯಿತು. ನಾಯಿ ಕೂಡ.
ಅರ್ಜಿಯ ಹನ್ನೊಂದು ಪುಟ ತಿರುವಿದೆ,
ಅಲ್ಲಿ ಇದ್ದೀತು ಎಂಬಂತೆ.
ವಿಚಾರಿಸುತ್ತೇನೆ, ಎಂದೆ.
ವಿಚಾರಿಸಿದೆ ಕೂಡ. ಮನೆಗೆ ಬೀಗ,
ಮುದುಕರನ್ನು ಎಲ್ಲೆಲ್ಲಿಗೋ ಹಂಚಿದ್ದಾರೆ.

ಟೋಕನ್ ಎಂಬತ್ತೇಳು.

ರಾತ್ರಿ ಎರಡಕ್ಕೆ ಎಚ್ಚರ.
ಬಲ, ಎಂದುಕೊಂಡೆ.