ಧರಣಿ

ಕಡೂರಿನ ತಾಲ್ಲೂಕು ಕಚೇರಿ ಮುಂದೆ
ಕೂತವರು ಮೂರೇ ಜನ.
ಹೈಸ್ಕೂಲಿನ ಲ್ಯಾಬಿನಲ್ಲಿ ಸೀಸೆ ತೊಳೆಯುವ ನಾನು,
ಪಂಕ್ಚರ್ ಅಂಗಡಿಯ ಮುನಾವರ್,
ಶಾಮಿಯಾನದ ನೆರಳಿಗೆಂದು ಬುಟ್ಟಿ ಇಳಿಸಿ
ಆಮೇಲೆ ಏಳಲು ಮನಸ್ಸಾಗದ
ಕಡಲೆಕಾಯಿ ಹಾಲಮ್ಮ.

ಭರಣಿ ಬಂದರೆ ಧರಣಿ ಬದುಕೀತು, ಅನ್ನುತ್ತಿದ್ದಳು ನಮ್ಮಜ್ಜಿ.
ಆ ವರ್ಷ ಭರಣಿ ಬರಲಿಲ್ಲ.
ನಾವೇ ಧರಣಿ ಕೂತೆವು.

ಕೇಳಿದ್ದು ದೊಡ್ಡದೇನಲ್ಲ:
ಹೊಸ ಲೇಔಟಿನವರು ಕಾಲುವೆಗೆ ತುರುಕಿದ
ಒಂದಡಿ ಪೈಪು ಕಿತ್ತು ಮೂರಡಿಯದು ಹಾಕಿ.
ಹೋದ ಹಿಂಗಾರಲ್ಲಿ ಕೆರೆಗೆ ಹೋಗಬೇಕಾದ ನೀರು ಊರೊಳಗೆ ಬಂತು.
ಬ್ಯಾನರಿನಲ್ಲಿ ಮಾತ್ರ ಮುನಾವರ್
‘ಭೂಮಿ ಉಳಿಸಿ’ ಎಂದು ಬರೆಸಿದ್ದ.
ಪೈಪು ಅಂತ ಬರೆದರೆ ಯಾರು ಓದುತ್ತಾರೆ, ಅಂದ.

ಮೂರನೇ ದಿನ ಶಾಮಿಯಾನದವನು ಬಿಚ್ಚಿಕೊಂಡು ಹೋದ,
ಅವನಿಗೊಂದು ಮದುವೆಯಿತ್ತು.
ಗಂಡ ಫೋನಿನಲ್ಲಿ ಕೇಳಿದ:
ಲೋಕ ಉದ್ಧಾರವಾಯಿತಾ? ಅನ್ನಕ್ಕಿಡಲಾ?
ಇಡಿ, ಅಂದೆ.

ಇಂಜಿನಿಯರ್ ಓಂಕಾರಪ್ಪ ಜೀಪು ಇಳಿದು
ಮಳೆಯೇ ಇಲ್ಲ, ಪೈಪು ಯಾಕಮ್ಮ, ಅಂದಾಗ
ಚೀಲದಿಂದ ಪುಸ್ತಕ ತೆಗೆದೆ.
ಹದಿನಾಲ್ಕು ವರ್ಷ, ದಿನಾ ಬೆಳಿಗ್ಗೆ ಎಂಟೂವರೆಗೆ
ಶಾಲೆಯ ಮಳೆಮಾಪಕ ನೋಡಿ ಬರೆದದ್ದು.
ಯಾರೂ ಬರಿ ಅಂದಿರಲಿಲ್ಲ.
ಸಾರ್, ಮಳೆ ಅಷ್ಟೇ ಇದೆ.
ನಲವತ್ತು ದಿನಕ್ಕೆ ಬರುತ್ತಿದ್ದದ್ದು
ಈಗ ನಾಲ್ಕು ಸಂಜೆಗೆ ಬರುತ್ತದೆ.
ಅದಕ್ಕೆ ತಾಳ್ಮೆ ಹೋಗಿದೆ.

ಅವರು ನಿಂತೇ ಓದಿದರು. ಹಾಳೆ ತಿರುವಲು
ಬೆರಳಿಗೆ ಎಂಜಲು ಹಚ್ಚಿದರು.
ಅಲ್ಲಿಯತನಕ ಆ ಅಕ್ಷರ ಕಂಡವಳು ನಾನೊಬ್ಬಳೇ.
ಝೆರಾಕ್ಸ್ ದುಡ್ಡು ನಾನೇ ಕೊಟ್ಟೆ.

ಪೈಪು ಬಂದದ್ದು ಎರಡು ವರ್ಷಕ್ಕೆ. ಅದೂ ಎರಡೂವರೆ ಅಡಿಯದು.
ಉದ್ಘಾಟನೆಯ ಕಲ್ಲಿನಲ್ಲಿ ಏಳು ಹೆಸರು.
ಹಾಲಮ್ಮ ಓದಿಸಿ ಕೇಳಿ, ಇವರ್ಯಾರೂ
ನನ್ನ ಕಡಲೆಕಾಯಿ ತಿಂದವರಲ್ಲ, ಅಂದಳು.

ಚಿತ್ತೆ ಮಳೆ ಹೊಡೆದ ರಾತ್ರಿ
ತಡೆಯಲಾರದೆ ಟಾರ್ಚ್ ಹಿಡಿದು ಹೋದೆ.
ಮುನಾವರ್ ಆಗಲೇ ಅಲ್ಲಿದ್ದ,
ತಲೆಗೆ ಅದೇ ಬ್ಯಾನರ್ ಹೊದ್ದು.
ಕೆಂಪು ನೀರು ಒಂದು ಚಪ್ಪಲಿ, ಎರಡು ತೆಂಗಿನ ಚಿಪ್ಪು,
ಯಾರದೋ ಪ್ಲಾಸ್ಟಿಕ್ ಬಿಂದಿಗೆ ಎತ್ತಿಕೊಂಡು
ಪೈಪಿನೊಳಗೆ ನುಗ್ಗುತ್ತಿತ್ತು.
ಆಚೆ ಕತ್ತಲಲ್ಲಿ ಕೆರೆಗೆ ಬೀಳುವ ಸದ್ದು.
ನಾವೇನೂ ಮಾತಾಡಲಿಲ್ಲ.

ಬೆಳಿಗ್ಗೆ ಪುಸ್ತಕದಲ್ಲಿ ಬರೆದೆ: ಅರವತ್ತೆರಡು ಮಿಲಿಮೀಟರ್.
ಷರಾ ಕಾಲಂ ಹದಿನಾರು ವರ್ಷದಿಂದ ಖಾಲಿ.
ಈ ಸಲ ಅಲ್ಲಿ, ಸಣ್ಣದಾಗಿ:
ಮನೆಗೆ ತಡವಾಗಿ ಬಂದೆ.