ಏಳನೇ ಕಾಲಂ

ನಮ್ಮ ಕಡೆ ರೈಟರ್ ಅಂದರೆ
ಕತೆ ಬರೆಯುವವನಲ್ಲ.
ಬೆಳಿಗ್ಗೆ ಹಾಜರಿ, ಸಂಜೆ ತೂಕ,
ಶನಿವಾರ ಬಟವಾಡೆ.
ಮಾಲ್ದಾರೆಯ ಈ ಕಂಪನಿ ತೋಟದಲ್ಲಿ
ಇಪ್ಪತ್ತೆರಡು ವರ್ಷ ನಾನು ಬರೆದ ಒಂದೇ ಪುಸ್ತಕ
ಕೆಂಪು ಬಟ್ಟೆ ಹೊದಿಸಿದ ಲೆಡ್ಜರು.

ಅದರ ಏಳನೇ ಕಾಲಂ: ನಷ್ಟ.
ಅದರ ಕೆಳಗೆ ಸಣ್ಣಕ್ಷರದಲ್ಲಿ: ಆನೆ.
ಮುರಿದ ಪೈಪು ಹದಿನಾಲ್ಕು, ಮಲಗಿದ ಕಾಫಿಗಿಡ ಅರವತ್ತು,
ಗೇಟಿನ ಒಂದು ರೆಕ್ಕೆ,
ಹಲಸು, ಲೆಕ್ಕ ಸಿಗಲಿಲ್ಲ.

ಹೂಮಳೆ ಬಿದ್ದ ಮೇಲೆ ಒಂದು ವಾರ
ಇಡೀ ಇಳಿಜಾರು ಬೆಳ್ಳಗಾಗಿ
ತಲೆ ಸುತ್ತುವ ಹಾಗೆ ಘಮಘಮಿಸುವಾಗ
ಹೂವಿಂದ ಹೂವಿಗೆ ದುಡಿಯುವವರ ಹಾಜರಿ
ಯಾರೂ ಕರೆದದ್ದಿಲ್ಲ. ನಾನೂ.

ಹೋದ ವರ್ಷ ಸುತ್ತೋಲೆ ಬಂತು:
ಹಲಸು ಹಣ್ಣಾಗುವ ಮೊದಲೇ ಕೆಡವಿ, ಹೂಳಿ.
ವಾಸನೆ ಇಲ್ಲದಿದ್ದರೆ ಆನೆ ಇಲ್ಲ.
ಓದಲು ಚೆನ್ನಾಗಿತ್ತು.
ಮೂರು ದಿನ, ಒಂಬತ್ತು ಆಳು,
ಎಳೆಕಾಯಿಯ ಮೇಣಕ್ಕೆ ಕತ್ತಿಯ ಹಿಡಿ ಕೈಬಿಡಲೊಲ್ಲದು.
ಎರವರ ಚೋಮಿ ಗುಂಡಿಗೆ ಮಣ್ಣೆಳೆಯುತ್ತ ಅಂದಳು:
"ನೆಂಟ ಬರೋ ದಿನ ಒಲೆ ಆರಿಸಿದ್ರೆ
ನೆಂಟ ಬರೋದು ಬಿಡ್ತಾನಾ ರೈಟರೇ?
ಸೀದಾ ಅಡಿಗೆಮನೆಗೇ ಬರ್ತಾನೆ."

ಬಂತು.
ಬರಿದಾದ ಮರದ ಕೆಳಗೆ ಸೊಂಡಿಲೆತ್ತಿ
ಬಹಳ ಹೊತ್ತು ನಿಂತಿತ್ತಂತೆ.
ಆಮೇಲೆ ಲೈನ್‌ಮನೆಗೆ ಇಳಿದು
ಚೋಮಿಯ ಗೋಡೆ ಬೀಳಿಸಿ, ಅಕ್ಕಿ ತಿಂದು,
ಉಪ್ಪಿನ ಡಬ್ಬ ನೆಕ್ಕಿ, ಹೊಳೆಗೆ ಹೋಯಿತು.
ದೇವರಕಾಡಿಂದ ಹೊಳೆಗೆ ಅದೇ ದಾರಿ,
ಸರ್ವೆ ಕಲ್ಲಿಗಿಂತ ಹಳೆಯದು.

ಆ ಬೆಳಿಗ್ಗೆ ಏಳನೇ ಕಾಲಂ ತೆರೆದು
ನಷ್ಟ ಎಂಬ ಎರಡಕ್ಷರ ಹೊಡೆದೆ.
ಮೇಲೆ ಬರೆದೆ: ಬಾಡಿಗೆ.

ಲೆಕ್ಕ ನೋಡಲು ಮಂಗಳೂರಿಂದ ಬಾಳಿಗರು ಬಂದರು.
ಕನ್ನಡಕ ಹಣೆಗೇರಿತು. "ಬಾಡಿಗೆ? ಯಾರಿಗೆ?"
"ದಾರಿಗೆ" ಅಂದೆ.
"ರಸೀದಿ?"
ಕೆರೆಯಂಚಿಗೆ ಕರೆದೊಯ್ದೆ. ಕೆಸರಲ್ಲಿ
ಹರಿವಾಣದಗಲ ಹೆಜ್ಜೆ, ಪಕ್ಕದಲ್ಲೇ ಬಟ್ಟಲಿನಷ್ಟು ಇನ್ನೊಂದು,
ಅದರಲ್ಲಿ ನಿಂತ ನೀರು, ನೀರಲ್ಲಿ ಗೊದಮೊಟ್ಟೆ.
ಬಾಳಿಗರು ಪ್ಯಾಂಟು ಮಡಚಿ ಬಗ್ಗಿ ನೋಡಿದರು.
ನಗಲಿಲ್ಲ. ಒಪ್ಪಲೂ ಇಲ್ಲ.
"ಇದಕ್ಕೆಲ್ಲ ರೂಲ್ಸ್ ಇಲ್ಲ ಮಾರಾಯ್ರೇ" ಅಂದವರು
ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಮರಿಯೂ ಉಂಟಾ?"

ಷರಾ ಬರೆದು ಹೋದರು: ವಿವರಣೆ ಬೇಕು.

ಮ್ಯಾನೇಜರ್ ಉತ್ತಯ್ಯ ಕಾಗದ ನನ್ನ ಕಡೆ ದೂಡಿ
"ನೀನೇ ಹೊಡೆದದ್ದು, ನೀನೇ ಬರಿ" ಅಂದರು.
ಬರೆದೆ:
ಮಾನ್ಯರೇ, ನಮ್ಮ ಆಸ್ತಿ ಪಟ್ಟಿಯಲ್ಲಿ ಜೀಪು ಇದೆ.
ಜೀಪು ಸವೆಯುತ್ತದೆಂದು ವರ್ಷ ವರ್ಷ ಸವಕಳಿ ಕಳೆಯುತ್ತೇವೆ.
ಪಲ್ಪರಿನ ನೀರು ಬಿಟ್ಟ ಹೊಳೆಯೂ ಸವೆದಿದೆ.
ನಾನು ಕೆಲಸಕ್ಕೆ ಸೇರಿದಾಗ ಬೇಸಿಗೆಯಲ್ಲೂ ಸೊಂಟದವರೆಗೆ,
ಈಗ ಮೊಣಕಾಲು.
ಅತ್ತಿ, ನಂದಿ ಕಡಿದು ಸಿಲ್ವರ್ ಓಕ್ ನೆಟ್ಟಾಗ
ಮರಕ್ಕೆ ಮರ ಸರಿಹೋಯಿತೆಂದು ಬರೆದವನೂ ನಾನೇ.
ನೆರಳು ಸರಿಹೋಗಲಿಲ್ಲ.
ತಪ್ಪಿದ್ದರೆ ನನ್ನ ಸಂಬಳದಲ್ಲಿ ಹಿಡಿಯತಕ್ಕದ್ದು.

ಉತ್ತರ ಬಂದಿಲ್ಲ.
ಆದರೆ ಈ ವರ್ಷ ಸುತ್ತೋಲೆಯೂ ಬಂದಿಲ್ಲ.
ಒಪ್ಪಿದರೋ, ಮರೆತರೋ,
ಉತ್ತಯ್ಯ ಕೇಳಲು ಹೋಗಿಲ್ಲ. ಬದಲಿಗೆ
ಹೊಳೆದಾರಿಯ ಎರಡು ಕಂಬ ಕೀಳಿಸಿ
ತಂತಿ ಸುತ್ತಿ ಗೋದಾಮಿಗೆ ಹಾಕಿಸಿದರು.
ಹಲಸು ಬುಡದಿಂದಲೇ ಜೋತಿದೆ.
ನಿನ್ನೆ ರಾತ್ರಿ ಮೂರು ಹೋಯಿತು.
ಬರೆದೆ: ಹಲಸು ಮೂರು, ಪಾವತಿ.

ಬಟವಾಡೆಗೆ ನಿಂತ ಚೋಮಿ
ಇಂಕಿನ ಬೆರಳು ಸೀರೆಗೆ ಒರೆಸುತ್ತ ಕೇಳಿದಳು:
"ಆನೆ ಬಾಡಿಗೆ ನೀವು ಕೊಟ್ರಿ, ಸರಿ.
ಹೋದ ವರ್ಷದ ನನ್ನ ಅಕ್ಕಿ?"

ಸ್ಕೇಲು ಹುಡುಕುತ್ತಿದ್ದೇನೆ.
ಎಂಟನೇ ಕಾಲಮ್ಮಿಗೆ
ಈ ಪುಟದಲ್ಲಿ ಜಾಗ ಬಿಟ್ಟಿರಲಿಲ್ಲ.