ನಾರುವ ಮದ್ದು

ಕೆಂಪು ನೀರು ಅಂತಲೇ ಈಗ ಆ ತೊರೆಯ ಹೆಸರು.
ಮೊದಲೇನಿತ್ತೋ, ಬಲ್ಲವರು ತೀರಿಕೊಂಡರು.
ಕಂಪನಿ ಗೇಟಿಗೆ ಬೀಗ ಜಡಿದು ಹೋಗಿ ಇಪ್ಪತ್ತೆರಡು ವರ್ಷ,
ಬೆಟ್ಟದ ಬಾಯಿಗೆ ಜಡಿಯಲಿಲ್ಲ.
ಸುರಂಗ ಇವತ್ತಿಗೂ ಜೊಲ್ಲು ಸುರಿಸುತ್ತದೆ:
ಸತು, ಸೀಸ, ಕ್ಯಾಡ್ಮಿಯಂ.
ಕೆಂಪು ಕಬ್ಬಿಣದ್ದು, ಕಣ್ಣಿಗೆ ಬೀಳುತ್ತದೆ.
ಕೊಲ್ಲುವವಕ್ಕೆ ಬಣ್ಣವಿಲ್ಲ.

ಹೆರ್ಮೆಲಿಂದಾಳ ಅಜ್ಜಿ ಇದೇ ದಂಡೆಯಲ್ಲಿ ಗುಂಡಿ ತೋಡಿ
ಹುಲ್ಲು ಹಾಸಿ, ಆಲೂಗಡ್ಡೆ ಸುರಿದು, ಮೇಲೆ ಕಲ್ಲು ಹೇರಿ
ಹರಿಯುವ ನೀರಿಗೆ ಒಪ್ಪಿಸಿ ಬರುತ್ತಿದ್ದಳು.
ಆರು ತಿಂಗಳು. ಕೆಲವೊಮ್ಮೆ ವರ್ಷ.
ತೆಗೆದ ದಿನ ಊರಿಗೆ ಊರೇ ಮೂಗು ಮುಚ್ಚಬೇಕು.
ಅದು ತೋಕೋಶ್.
ಬಾಣಂತಿಗೆ ಅದರ ಗಂಜಿ, ಹೊಟ್ಟೆನೋವಿಗೆ ಅದೇ,
ಗಣಿಯಿಂದ ಕೆಮ್ಮುತ್ತ ಬಂದ ಗಂಡನಿಗೂ ಅದೇ.
ನಾರದ್ದು ಮದ್ದೇ ಅಲ್ಲ, ಅನ್ನುತ್ತಿದ್ದಳು.

ಒಂದು ವರ್ಷ ಕಲ್ಲು ಸರಿಸಿದರೆ
ವಾಸನೆಯೇ ಇಲ್ಲ.
ಇಟ್ಟದ್ದು ಇಟ್ಟ ಹಾಗೇ, ತುಕ್ಕು ಮೆತ್ತಿಕೊಂಡು.
ಕೊಳೆಯುವುದಕ್ಕೂ ಒಂದು ಜೀವ ಬೇಕಲ್ಲ.

ಈಗ ಅಲ್ಲಿ ಕೊಳಗಳಿವೆ. ಮನೆಗೊಂದಾಳು ಬಂದು ತೋಡಿದ್ದು.
ನೀರಿನ ಹುಳಿ ಮುರಿಯಲು ಸುಣ್ಣಕಲ್ಲಿನ ಕಾಲುವೆ,
ಆಮೇಲೆ ಗಾಳಿಯಾಡದ ಕತ್ತಲಲ್ಲಿ ಹುಲ್ಲು, ಕುರಿಹಿಕ್ಕೆ,
ಕೊನೆಗೆ ಒಂದಿಷ್ಟು ಜೊಂಡು.
'ಹಿಕ್ಕೆಗೆ ಸ್ನಾನ ಮಾಡಿಸುತ್ತಿದ್ದೀರಾ?'
ಸೆನೋಬಿಯೋ ನಗುತ್ತಿದ್ದ, ಗುದ್ದಲಿ ಮಾತ್ರ ಬಿಡಲಿಲ್ಲ.
ವಾರಗಳು ಹೋದವು. ಹಿಮದ ಚಳಿ. ಏನೂ ಇಲ್ಲ.
ಇಂಜಿನಿಯರ್ ಹುಡುಗಿ ನಿಲ್ಡಾ ಉಗುರು ಕಚ್ಚುತ್ತ
ಕಾಗದದ ಪಟ್ಟಿ ಅದ್ದುತ್ತಿದ್ದಳು: ಮೂರು. ಮತ್ತೆ ಮೂರು.

ನಲವತ್ತೊಂದನೆಯ ದಿನ, ಇನ್ನೂ ಬೆಳಕು ಹರಿದಿಲ್ಲ,
ಕುರಿ ಹೊಡೆದುಕೊಂಡು ಹೊರಟ ಹೆರ್ಮೆಲಿಂದಾ ನಿಂತಳು.
ಕೊಳೆತ ಮೊಟ್ಟೆ.
ಓಡಿಹೋಗಿ ಬಾಗಿಲು ಬಡಿದಳು:
'ಏಳೇ, ಗುಂಡಿ ಹಣ್ಣಾಗಿದೆ!'

ಹಿಕ್ಕೆ ತಿಂದು, ಗಂಧಕ ಉಸಿರಾಡಿ ಬದುಕುವ
ಕಣ್ಣಿಗೆ ಕಾಣದ ಜೀವಗಳು;
ಅವು ಬಿಟ್ಟ ನಾತ ಲೋಹದ ಕುತ್ತಿಗೆಪಟ್ಟಿ ಹಿಡಿದು
ಕಪ್ಪು ಕೆಸರಾಗಿ ತಳಕ್ಕೆ ಕೂರಿಸುತ್ತದೆ
ಎಂದಳು ನಿಲ್ಡಾ, ಅಳುತ್ತ ನಗುತ್ತ.
ಅಜ್ಜಿ ಇಷ್ಟುದ್ದ ಹೇಳುತ್ತಿರಲಿಲ್ಲ.

'ಕುಡಿಯಬಹುದಾ?'
'ಇಲ್ಲ, ಇನ್ನೂ.'
'ಆ ಸತು ಎಲ್ಲಿ ಹೋಯಿತು?'
'ಎಲ್ಲೂ ಹೋಗಿಲ್ಲ. ಕೂತಿದೆ ಅಷ್ಟೇ.'
ಒಂದಲ್ಲ ಒಂದು ದಿನ ಆ ಕೆಸರನ್ನು ಬಾಚಬೇಕು,
ಎಲ್ಲೋ ಹೂಳಬೇಕು, ತಲೆಮಾರುಗಳು ಕಾಯಬೇಕು.
ಯಾರ ಹೊಲದಲ್ಲಿ? ಎಂದಾಗ ಸಭೆಯಲ್ಲಿ
ಎಲ್ಲರಿಗೂ ತಮ್ಮ ಟೋಪಿಯ ಅಂಚು ಸರಿಮಾಡುವುದಿತ್ತು.

ಮೊನ್ನೆ ಹೊಸ ಕಂಪನಿಯವರು ಬಂದರು,
ಆಚೆ ಕಣಿವೆಯ ನಕ್ಷೆ, ಸಹಿಗೆ ಪೆನ್ನು.
'ಕೊಳ ಎಲ್ಲಿ ಇದರಲ್ಲಿ?' ಕೇಳಿದಳು.
'ಗಣಿ ಮುಚ್ಚುವಾಗ, ಅಮ್ಮಾ. ಅದೆಲ್ಲ ಆಮೇಲೆ.'
'ಮೊದಲು ಗುಂಡಿ,' ಅಂದಳು, 'ಆಮೇಲೆ ಆಲೂಗಡ್ಡೆ.'
ಆಚೆ ಕಣಿವೆಯ ತೊರೆಯಲ್ಲೇ ಹಣ್ಣಾದ ತೋಕೋಶಿನ ಗಂಜಿ,
ಬಿಸಿಬಿಸಿ, ನಕ್ಷೆಯ ಮೇಲೇ ಇಟ್ಟಳು.
ಒಬ್ಬ ಕರವಸ್ತ್ರ ತೆಗೆದ.
ಅವಳು ಚಮಚ ಕೊಟ್ಟಳು.